ಕನ್ನಡಕ ಮರೆತು ಬಂದವರು

ಹೋದ ವಾರ ನಮ್ಮ ಮನೆಯ ಸಂಪಿನ ಮೋಟರ್ ಸುಟ್ಟುಹೋಯಿತು. ನಮ್ಮ ಯಜಮಾನರಿಗೆ ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿಯಲ್ಲಿ ಕೆಲಸ. ಅಲ್ಲಿ ಹೆಲಿಕಾಪ್ಟರ್ ಮೇಲೇಳುತ್ತದೆ, ಇಲ್ಲಿ ಮನೆಕೆಲಸ ಎಂದರೆ ಇವರು ಕುರ್ಚಿಯಿಂದ ಮೇಲೇಳುವುದಿಲ್ಲ. ಮೋಟರನ್ನು ಗೋಣಿಚೀಲದಲ್ಲಿ ಸುತ್ತಿ, ಆಟೋದಲ್ಲಿಟ್ಟುಕೊಂಡು, ನಾನೇ ಶಿರಾ ಗೇಟ್ ಹತ್ತಿರದ ಒಂದು ರಿವೈಂಡಿಂಗ್ ಅಂಗಡಿಗೆ ಹೋದೆ. ಒಳಗೆ ಕಾಲಿಟ್ಟ ತಕ್ಷಣ ವಾರ್ನಿಷ್ ವಾಸನೆ ಮೂಗಿಗೆ ಹೊಡೆಯಿತು. ತಾಮ್ರದ ತಂತಿ ಸುತ್ತಿದ ಮೇಲೆ ಕಾಯಿಲ್‌ಗೆ ಹುಯ್ದು ದೊಡ್ಡ ಬಲ್ಬಿನ ಕೆಳಗೆ ಒಣಗಿಸುತ್ತಾರಲ್ಲ, ಅದು. ಕುಣಿಗಲ್‌ನಲ್ಲಿರುವ ನನ್ನ ಅಣ್ಣ ನಂಜಣ್ಣನ ಅಂಗಡಿಯಲ್ಲೂ ಇದೇ ವಾಸನೆ, ಅವನ ಅಂಗಿಯಲ್ಲೂ ಇದೇ ವಾಸನೆ. ಅಂಗಡಿಯ ಹುಡುಗ, ಹುಡುಗ ಏನು, ಮೂವತ್ತರ ಗಂಡಸು, ಒಂದು ಸ್ಟೂಲ್ ತಳ್ಳಿ "ಕೂತಿರಿ, ಬಿಚ್ಚಿ ನೋಡ್ತೀನಿ" ಎಂದು ಮೋಟರ್ ಕಡೆ ಬಗ್ಗಿದ. ನಾನು ಕೂತೆ. ಕೂತಲ್ಲೇ ಮೂರು ವರ್ಷ ಹಿಂದಕ್ಕೆ, ಮಗಳು ಪಲ್ಲವಿ ಹತ್ತನೇ ಕ್ಲಾಸಿನಲ್ಲಿದ್ದ ಕಾಲಕ್ಕೆ ಹೋಗಿಬಿಟ್ಟೆ.

ಆ ವರ್ಷ ನಾನು ಕಂಡವರನ್ನೆಲ್ಲ ಬೈದೆ. ಕೆಲವರನ್ನು ಮುಖಕ್ಕೆ ಮುಖ ಕೊಟ್ಟು, ಕೆಲವರನ್ನು ಮನಸ್ಸಿನಲ್ಲೇ. ಅವರೆಲ್ಲ ಬೈಸಿಕೊಳ್ಳುವುದಕ್ಕೆ ಲಾಯಕ್ಕಾದವರೇ. ಒಂದು ಬೈಗುಳವನ್ನೂ ನಾನು ವಾಪಸು ತೆಗೆದುಕೊಳ್ಳುವುದಿಲ್ಲ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಮನೆ ತುಮಕೂರಿನಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನೆಂಟರ ಮದುವೆ ಪತ್ರಿಕೆಯ ಮೇಲೆ ಹೆಸರು ಬರೆಯುವುದಕ್ಕೂ ನನ್ನನ್ನೇ ಕರೆಯುತ್ತಿದ್ದರು, ನಾನೂ ಬಿಗುಮಾನದಿಂದ ಹೋಗಿ ಬರೆಯುತ್ತಿದ್ದೆ. ಶಾಲೆಯಲ್ಲಿ ನಾನು ಒಂದು ಪದ್ಧತಿ ಮಾಡಿದ್ದೆ. ಪ್ರತಿ ಶನಿವಾರ ಚೆನ್ನಾಗಿ ಕಾಪಿ ಬರೆದವರಿಗೆ ಒಂದು ಪೆನ್ನು. ಕೆಟ್ಟದಾಗಿ ಬರೆದವರ ಹಾಳೆಯ ಮೇಲೆ ಕೆಂಪು ಇಂಕಿನಲ್ಲಿ ಒಂದು ಕೋಳಿಯ ಚಿತ್ರ ಬರೆದು, ಅದನ್ನು ನೋಟಿಸ್ ಬೋರ್ಡಿಗೆ ಚುಚ್ಚುವುದು. ಕೋಳಿ ಕೆದಕಿದ ಅಕ್ಷರ ಎಂದು ಅರ್ಥ. ಸೋಮವಾರದವರೆಗೆ ಅದು ಅಲ್ಲಿರಬೇಕು. ಮಕ್ಕಳು ನಗುತ್ತಿದ್ದರು, ಸಹೋದ್ಯೋಗಿಗಳು ನಗುತ್ತಿದ್ದರು, ಹೆಡ್‌ಮೇಷ್ಟ್ರು 'ಒಳ್ಳೇ ಐಡಿಯಾ ಜಯಾ ಮೇಡಂ' ಎಂದಿದ್ದರು. ಕೋಳಿಯನ್ನು ಕೂಡ ನಾನು ತುಂಬ ಚೆನ್ನಾಗಿ ಬರೆಯುತ್ತಿದ್ದೆ.

ಅಂಥವಳ ಹೊಟ್ಟೆಯಲ್ಲಿ ಪಲ್ಲವಿ ಹುಟ್ಟಿದಳು. ಒಂದು ಪಾಠವನ್ನು ಒಮ್ಮೆ ಓದಿ ಹೇಳಿದರೆ ಸಾಕು, ಮೂರು ದಿನ ಬಿಟ್ಟು ಕೇಳಿದರೂ ಚಾಚೂ ತಪ್ಪದೆ ಹೇಳುತ್ತಿದ್ದಳು. ಕೆಟ್ಟ ಮಿಕ್ಸಿಯನ್ನು ಬಿಚ್ಚಿ, ಮತ್ತೆ ಜೋಡಿಸಿ, ಚಟ್ನಿ ರುಬ್ಬಿ ಕೊಡುತ್ತಿದ್ದಳು. ಆದರೆ ಪುಸ್ತಕ ಕೈಗೆ ಕೊಟ್ಟು 'ನೀನೇ ಓದು' ಎಂದರೆ ಒಂದು ಸಾಲಿನಲ್ಲಿ ಮೂರು ಸಲ ನಿಲ್ಲುತ್ತಿದ್ದಳು, ನಾಲ್ಕನೇ ಸಲ ನೀರು ಕುಡಿಯಲು ಎದ್ದು ಹೋಗುತ್ತಿದ್ದಳು. ಬರೆದರೆ ಅವಳೇ ತಿರುಗಿ ಓದಲಾರಳು. ನಾನು ಸೋಮಾರಿತನ ಎಂದೆ. ದಿನಕ್ಕೆ ಐದು ಪುಟ ಕಾಪಿ ಬರೆಸಿದೆ, ಎಂಟನೇ ಕ್ಲಾಸಿನಲ್ಲಿ ಒಂದು ಸಲ ಕೆನ್ನೆಗೂ ಹೊಡೆದೆ. ಅವಳ ಹಾಳೆಗೆ ಕೋಳಿ ಬರೆಯಲಿಲ್ಲ ಅಷ್ಟೆ, ಸ್ವಂತ ಮಗಳಲ್ಲವೇ.

ಜೂನ್ ಮೊದಲ ವಾರ ಅವಳ ಸ್ಕೂಲಿನಿಂದ ಫೋನ್ ಬಂತು. ತುಮಕೂರಿನ ಆ ಸ್ಕೂಲಿನ ಹೆಸರು ಬೇಡ, ಅಂಥವು ಗಲ್ಲಿಗೊಂದಿವೆ. ಪ್ರಿನ್ಸಿಪಾಲರ ರೂಮಿನ ಗೋಡೆ ತುಂಬ ರ್‍ಯಾಂಕ್ ಬಂದವರ ಫೋಟೋಗಳಿದ್ದವು.

"ಮೇಡಂ, ನೀವೂ ಟೀಚರ್ರೇ, ನಿಮಗೆ ಬಿಡಿಸಿ ಹೇಳ್ಬೇಕಾ?" ಎಂದರು ಪ್ರಿನ್ಸಿಪಾಲರು. "ಪ್ರತಿ ವರ್ಷ ನಮ್ದು ನೂರಕ್ಕೆ ನೂರು ರಿಸಲ್ಟು. ನಿಮ್ಮ ಹುಡುಗಿ ಒಬ್ಳಿಂದ ಅದು ಹೋಗ್ಬಾರ್ದು. ಟೀಸಿ ತಗೊಂಡು ಹೊರಗಡೆಯಿಂದ ಪರೀಕ್ಷೆ ಕಟ್ಟಿಸ್ಬಿಡಿ."

ನೂರಕ್ಕೆ ನೂರು ಹೇಗೆ ಬರುತ್ತದೆ ಎಂದು ನನಗೆ ಗೊತ್ತಿಲ್ಲವೇ? ಕಲ್ಲನ್ನೆಲ್ಲ ಆರಿಸಿ ಬೀದಿಗೆಸೆದು, ನಮ್ಮ ಅಕ್ಕಿಯಲ್ಲಿ ಕಲ್ಲೇ ಇರುವುದಿಲ್ಲ ಎಂದು ಬೋರ್ಡ್ ಹಾಕಿಸಿಕೊಳ್ಳುವ ಜನ. ನಾನು ಅತ್ತು, ಬೇಡಿ, ಅರ್ಧವಾರ್ಷಿಕ ಪರೀಕ್ಷೆಯವರೆಗೆ ಸಮಯ ತೆಗೆದುಕೊಂಡೆ. ಪಲ್ಲವಿ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸ್ಕೂಟರ್ ಮೇಲೆ ಬರುವಾಗ ಹಿಂದಿನಿಂದ "ಅಮ್ಮ, ನನ್ನ ಸ್ಕೂಲು ಬಿಡಿಸ್ಬಿಡು. ನನ್ನಿಂದ ನಿಂಗೆ ಮಾನ ಹೋಗ್ತಿದೆ" ಎಂದಳು. ಮಾನ ಹೋಗುತ್ತಿದೆ ಎಂದೇ ನಾನೂ ಅಂದುಕೊಂಡಿದ್ದೆ.

ಆಷಾಢದ ಗಾಳಿ ಶುರುವಾಯಿತು. ಗಾಳಿಯ ಜೊತೆ ಸಲಹೆ ಕೊಡುವವರೂ ಬಂದರು. ನಮ್ಮತ್ತೆಯ ತಂಗಿ ಬಜೆ ತೇದು ನೆಕ್ಕಿಸು ಎಂದರು, ಹದಿನೈದು ವರ್ಷದ ಹುಡುಗಿಗೆ, ಎಳೆ ಮಗುವಿಗೆ ನೆಕ್ಕಿಸುವ ಹಾಗೆ. ಪಕ್ಕದ ಮನೆಯವರು ಒಂದೆಲಗದ ಚಟ್ನಿ ಎಂದರು. ನಾಲಿಗೆಯ ಮೇಲೆ ಜೇನಿನಲ್ಲಿ ಬೀಜಾಕ್ಷರ ಬರೆಯುವ ಒಬ್ಬ ಜ್ಯೋತಿಷಿಯ ಹತ್ತಿರ ಯಜಮಾನರೇ ಕರೆದುಕೊಂಡು ಹೋದರು. ಆ ವರ್ಷ ಅವರು ಮಾಡಿದ ಒಂದೇ ಕೆಲಸ ಅದು. ಕಾಗದದ ಮೇಲೆ ನಿಲ್ಲದ ಅಕ್ಷರ ನಾಲಿಗೆಯ ಮೇಲೆ ನಿಲ್ಲುತ್ತದೆಯೇ? ಪಲ್ಲವಿ ಜೇನು ನುಂಗಿ ಬಂದಳು.

ಕೊನೆಗೆ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಆಗಷ್ಟೇ ಓದು ಮುಗಿಸಿದ ಹಾಗೆ ಕಾಣುತ್ತಿದ್ದ ಹುಡುಗಿ. ಆ ವರ್ಷ ನಾನು ಬೈಯದೆ ಬಿಟ್ಟ ಮೊದಲನೆಯವಳು ಅವಳೇ. "ಕಣ್ಣು ಸರಿಯಾಗಿದೆ ಆಂಟಿ. ಇದು ಡಿಸ್ಲೆಕ್ಸಿಯಾ ಇರ್ಬಹುದು. ಬುದ್ಧಿಗೆ ಸಂಬಂಧ ಇಲ್ಲ, ಓದೋ ದಾರಿ ಬೇರೆ ಅಷ್ಟೆ. ಟೆಸ್ಟ್ ಮಾಡಿಸಿ, ಕಲಿಸೋರು ಸಿಗ್ತಾರೆ" ಎಂದಳು.

ಕಲಿಸುವವರು ಸಿಗುತ್ತಾರೆ! ಫೋನಿನಲ್ಲಿ ಆ ಶಬ್ದ ಹುಡುಕಿದ್ದೇ ತಡ, ಇರುವೆ ಮುತ್ತಿದ ಹಾಗೆ ಮುತ್ತಿದರು. ಇಪ್ಪತ್ತೊಂದು ದಿನದಲ್ಲಿ ಗುಣ ಎನ್ನುವ ಒಬ್ಬ, ಕಿವಿಗೆ ಮಣಿ ಅಂಟಿಸುವ ಇನ್ನೊಬ್ಬ, ಬೆಂಗಳೂರಿನಿಂದ ವಿಡಿಯೋದಲ್ಲಿ ಬಂದು ನನಗೇ ಇಂಗ್ಲಿಷಿನಲ್ಲಿ ಧೈರ್ಯ ಹೇಳುವ ಮತ್ತೊಬ್ಬಳು. ಅವರೆಲ್ಲರನ್ನೂ ಮೀರಿಸಿದ್ದು ಶಿರಾ ಗೇಟ್‌ನ ಒಂದು ಮಹಡಿಯ ಮೇಲಿದ್ದ ಸೆಂಟರು. ಮಕ್ಕಳ ಮೆದುಳಿನ ನಡುಭಾಗವನ್ನು ಎಬ್ಬಿಸುತ್ತೇವೆ, ಎದ್ದ ಮೇಲೆ ಮಕ್ಕಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಓದುತ್ತಾರೆ ಎಂದು ಅವರ ಪ್ರಚಾರ. ಕಣ್ಣು ಬಿಟ್ಟುಕೊಂಡು ಓದಲಾಗದ ಮಗಳನ್ನು ಕಣ್ಣು ಕಟ್ಟಿ ಓದಿಸುವ ಜಾಗಕ್ಕೆ ಕರೆದೊಯ್ದವಳು ನಾನು. ಜ್ಯೋತಿಷಿಯನ್ನು ಕಂಡು ಹಲ್ಲು ಕಡಿದ ವಿದ್ಯಾವಂತೆ, ಕೋಟು, ಟೈ, ಪ್ರೊಜೆಕ್ಟರ್ ಕಂಡು ಕೈಮುಗಿದೆ.

ಅಣ್ಣ ಅವತ್ತು ತಾಮ್ರದ ತಂತಿ ಕೊಳ್ಳಲು ತುಮಕೂರಿಗೆ ಬಂದಿದ್ದ. ಮಳೆ ಹನಿಯುತ್ತಿದ್ದರಿಂದ ತನ್ನ ಓಮ್ನಿ ವ್ಯಾನಿನಲ್ಲಿ ನಮ್ಮನ್ನು ಸೆಂಟರಿಗೆ ಕರೆತಂದು, ತಾನೂ ಮಹಡಿ ಹತ್ತಿದ. ನಂಜಣ್ಣ ನನಗಿಂತ ಎರಡು ವರ್ಷ ದೊಡ್ಡವನು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಸುಟ್ಟ ಮೋಟರನ್ನು ಮೂಸಿ ನೋಡಿಯೇ ಯಾವ ಕಾಯಿಲ್ ಹೋಗಿದೆ ಎಂದು ಹೇಳುತ್ತಾನೆ. ಕುಣಿಗಲ್ ಸುತ್ತ ಹತ್ತು ಹಳ್ಳಿಯ ಪಂಪುಗಳು ಅವನ ಕೈಯಲ್ಲೇ ಓಡುತ್ತವೆ. ದಿನಾ ಒಂದು ಪೇಪರ್ ಕೊಂಡು ಕಂಕುಳಲ್ಲಿ ಇಟ್ಟುಕೊಂಡಿರುತ್ತಾನೆ. ಅಂಗಿ ಜೇಬಿನಲ್ಲಿ ಒಂದು ಕನ್ನಡಕ ಇರುತ್ತದೆ. ಆದರೆ ಯಾವುದಾದರೂ ಕಾಗದ ಕೈಗೆ ಬಂದಾಗ ಮಾತ್ರ ಆ ಕನ್ನಡಕ ಎಲ್ಲೋ ಮರೆತುಹೋಗಿರುತ್ತದೆ. 'ಕನ್ನಡಕ ಮರ್ತು ಬಂದೆ, ಸ್ವಲ್ಪ ಓದಿ ಹೇಳವ್ವ' ಎನ್ನುವುದು ಅವನ ಬಾಯಿಪಾಠ. ಮರೆಗುಳಿ ಎಂದು ಮನೆಮಂದಿಯೆಲ್ಲ ತಮಾಷೆ ಮಾಡುತ್ತಿದ್ದೆವು.

ಮೇಲೆ ಹಾಲ್ ತುಂಬ ತಂದೆ ತಾಯಿಗಳು. ಒಂದು ಪುಟ್ಟ ಹುಡುಗಿಯ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿ ಕೈಗೆ ಪುಸ್ತಕ ಕೊಟ್ಟರು. ಅವಳು ಪುಸ್ತಕವನ್ನು ಹೊಟ್ಟೆಯ ಹತ್ತಿರ ಹಿಡಿದು, ಪುಟದ ಮೇಲೆ ಬೆರಳಾಡಿಸುತ್ತ, ಗಿಣಿಯ ಹಾಗೆ ಓದಿಬಿಟ್ಟಳು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಪಲ್ಲವಿ ಮಾತ್ರ ತಲೆ ತಗ್ಗಿಸಿಕೊಂಡು ಉಗುರು ಕಚ್ಚುತ್ತಿದ್ದಳು.

ಅಣ್ಣ ಹಿಂದಿನ ಸಾಲಿನಿಂದ ಎದ್ದ. "ಸ್ವಾಮಿ, ಆ ಪುಸ್ತಕ ಅವಳ ಹಣೆ ಮುಂದೆ ಎತ್ತಿ ಹಿಡೀರಿ ನೋಡನ" ಎಂದ.

ಟೈ ಕಟ್ಟಿದ ಟ್ರೈನರ್ ನಕ್ಕ. "ಯಾಕೆ ಸರ್?"

"ಮೂಗಿನ ಪಕ್ಕ ಸಂದಿ ಐತೆ. ಮಗು ಕೆಳಗಡೆಯಿಂದ ನೋಡ್ತಾ ಐತೆ. ಬೆರಳಾಡಿಸೋದು ನಮ್ಮ ಕಣ್ಣು ಅತ್ಲಾಗೆ ಹೋಗ್ಲಿ ಅಂತ."

ಆ ಹುಡುಗಿಯ ಬಾಯಿ ನಿಂತುಹೋಯಿತು. ಟ್ರೈನರನ ನಗೆಯೂ ನಿಂತಿತು. ಇದು ವಿಜ್ಞಾನ, ಓದಿದವರಿಗೆ ಮಾತ್ರ ಅರ್ಥವಾಗುತ್ತದೆ ಎಂದ. ಒಂದು ಹ್ಯಾಂಡ್‌ಬಿಲ್ ತಂದು ಅಣ್ಣನ ಕೈಗೆ ತುರುಕಿದ. "ಎಲ್ಲಾ ಇದರಲ್ಲಿ ಬರೆದಿದೆ. ಎಲ್ಲರಿಗೂ ಕೇಳೋ ಹಾಗೆ ಜೋರಾಗಿ ಓದಿ ಸರ್."

ಅಣ್ಣನ ಕೈ ಜೇಬಿಗೆ ಹೋಯಿತು. ಕನ್ನಡಕ ಅಲ್ಲೇ ಇತ್ತು, ಅದರ ಕಡ್ಡಿ ಹೊರಗೆ ಕಾಣುತ್ತಿತ್ತು, ಹಾಲಿನಲ್ಲಿದ್ದವರೆಲ್ಲ ಅದನ್ನು ನೋಡುತ್ತಿದ್ದರು. ಕೈ ಅಲ್ಲೇ ನಿಂತಿತು. ಅವನು ಒಂದು ಸಲ ಪಲ್ಲವಿಯ ಕಡೆ ನೋಡಿದ. ಆಮೇಲೆ ಕೈ ಕೆಳಗೆ ಬಿಟ್ಟ.

"ನಂಗೆ ಓದಕ್ಕೆ ಬರಲ್ಲ ಸ್ವಾಮಿ" ಎಂದ. "ಬರ್ತದೆ ಅಂತ ನಲವತ್ತು ವರ್ಸದಿಂದ ನಾಟ್ಕ ಆಡ್ಕಂಡ್ ಬಂದಿವ್ನಿ. ಅದ್ಕೇ ಈ ಮಗಾ ಮಾಡ್ತಿರೋದು ನಂಗೆ ಗೊತ್ತಾಯ್ತು."

ಕೆಲವರು ನಕ್ಕರು. ನಾವು ಮೂವರೂ ಮೆಟ್ಟಿಲಿಳಿದೆವು. ಇಳಿಯುವಾಗ ತಿರುಗಿ ನೋಡಿದೆ, ಅರ್ಧಕ್ಕೆ ಅರ್ಧ ಜನ ಅಲ್ಲೇ ಕೂತು ಸೇರುವ ಫಾರಂ ತುಂಬುತ್ತಿದ್ದರು. ಕಣ್ಣು ಕಟ್ಟಿದ್ದು ಯಾರಿಗೆ ಎಂದು ಕೇಳಬೇಕೆನ್ನಿಸಿತು, ಆದರೆ ಐದು ನಿಮಿಷದ ಹಿಂದೆ ನಾನೂ ಅವರಲ್ಲೊಬ್ಬಳಾಗಿದ್ದೆ.

ಅಣ್ಣ ಓಮ್ನಿಯನ್ನು ಸೀದಾ ಕ್ಯಾತ್ಸಂದ್ರಕ್ಕೆ ಬಿಟ್ಟ. ಮನಸ್ಸು ಕೆಟ್ಟಾಗ ತಟ್ಟೆ ಇಡ್ಲಿ ತಿನ್ನುವುದು ಅವನ ಚಾಳಿ. ಮಳೆ ಜೋರಾಗಿತ್ತು, ಬೈಪಾಸಿನ ಲಾರಿಗಳು ನೀರೆರಚುತ್ತ ಹೋಗುತ್ತಿದ್ದವು. ಮೂರು ಪ್ಲೇಟ್ ಬಂದವು, ಯಾರೂ ಮುಟ್ಟಲಿಲ್ಲ.

"ಮಾವ, ಓದೋಕೆ ಕೂತ್ರೆ ನಿಂಗೆ ಏನಾಗುತ್ತೆ?" ಪಲ್ಲವಿ ಕೇಳಿದಳು.

"ಹೊಟ್ಟೇಲಿ ನೋವು ಕಣವ್ವ."

"ನಂಗೂ. ತಲೆ ಅಲ್ಲ, ಹೊಟ್ಟೆ."

"ಪಕ್ಕದಲ್ಲಿರೋರು ನಗ್ತಾರಾ ಅಂತ ಕಿವಿ ಅತ್ಲಾಗೇ ಇರ್ತದೆ. ಓದೋದು ಎಲ್ಲಿಂದ ಬಂತು?"

ಅವಳು ಅವನ ತಟ್ಟೆಯನ್ನು ಅವನ ಕಡೆ ಸರಿಸಿದಳು. ಇಬ್ಬರೂ ತಿನ್ನತೊಡಗಿದರು. ಪಕ್ಕದಲ್ಲಿದ್ದು ನಗುತ್ತಿದ್ದವಳು ನಾನೇ. ಅವನು ಏಳನೇ ಕ್ಲಾಸನ್ನು ಎರಡು ವರ್ಷ ಹೆಚ್ಚಿಗೆ ಓದಿದಾಗ ನಾನು ಅವನ ಕ್ಲಾಸಿಗೇ ಬಂದಿದ್ದೆ. ಮೇಷ್ಟ್ರು ಅವನನ್ನು ಓದು ಎಂದು ನಿಲ್ಲಿಸಿದರೆ, ಹಿಂದಿನಿಂದ ನಾನು ಆ ಸಾಲನ್ನು ಪಟಪಟ ಓದಿ ಮುಗಿಸುತ್ತಿದ್ದೆ. ಇಡೀ ಕ್ಲಾಸು ನಗುತ್ತಿತ್ತು. ಮನೆಯಲ್ಲಿ ಅಪ್ಪ 'ತಂಗಿ ಎಂಜಲು ತಿನ್ನೋ ದಡ್ಡ' ಎಂದು ಅವನಿಗೆ ಬಾರಿಸುತ್ತಿದ್ದರು, ನಾನು ಜಾಣೆ ಎಂದು ಬೆಲ್ಲ ತಿನ್ನುತ್ತಿದ್ದೆ. ಆಮೇಲೆ ಟೀಚರ್ ಆದೆ. ಓದಲು ಬಾರದವರನ್ನು ಗುರುತಿಸುವುದಕ್ಕೇ ಸಂಬಳ ತೆಗೆದುಕೊಳ್ಳುವವಳು, ಒಡಹುಟ್ಟಿದವನ ಜೇಬಿನಲ್ಲಿದ್ದ ಕನ್ನಡಕವನ್ನು ಕಾಣಲಿಲ್ಲ. ಸೆಂಟರಿನ ಆ ಪಟ್ಟಿಯಲ್ಲಿ ಸಂದಿಯಾದರೂ ಇತ್ತು, ನನ್ನದರಲ್ಲಿ ಅದೂ ಇರಲಿಲ್ಲ.

"ಅಣ್ಣ, ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಎಂದೆ.

"ನಿಂಗಾ?" ಎಂದ. ಅದರಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯ ಇತ್ತು. ಆಮೇಲೆ ಕೈ ತೊಳೆದು ಬಂದು, "ಗುಬ್ಬೀಲಿ ಫರೀದಾ ಮೇಡಂ ಅಂತ ಅವ್ರೆ. ಇಂಥ ಮಕ್ಳಿಗೇ ಅಂತ ಸರ್ಕಾರದವ್ರು ಇಟ್ಟಿರೋರು. ಅವರ ಬೋರ್ ಮೋಟ್ರು ಕಟ್ಟಿಕೊಟ್ಟಿದ್ದೆ. ದೊಡ್ಡೋರಿಗೂ ಹೇಳ್ಕೊಡ್ತೀರಾ ಅಂತ ಕೇಳನ ಅಂತ ಎರಡು ಸಲ ಬಾಗ್ಲು ತಂಕ ಹೋಗಿದ್ದೆ. ನಿನ್ನ ಸ್ಕೂಲು ಅಲ್ಲೇ ಅಲ್ವಾ, ನೀನು ಕಂಡ್ಬುಟ್ರೆ ಅಂತ ವಾಪಸ್ ಬಂದೆ" ಎಂದ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಮ್ಮ ಶಾಲೆಯಿಂದ ಫರೀದಾ ಮೇಡಂ ಪಾಠ ಹೇಳುವ ಕೋಣೆಗೆ ಇನ್ನೂರು ಹೆಜ್ಜೆ. ಅದೇ ಕಟ್ಟಡದಲ್ಲಿ ನಡೆಯುವ ಟೀಚರುಗಳ ಟ್ರೇನಿಂಗಿಗೆ ಹೋದಾಗಲೆಲ್ಲ ಅದರ ಮುಂದೆಯೇ ನಿಂತು ಕಾಫಿ ಕುಡಿಯುತ್ತಿದ್ದೆ. 'ಸಂಪನ್ಮೂಲ ಕೊಠಡಿ' ಎಂದು ಬಾಗಿಲ ಮೇಲೆ ಬರೆದಿತ್ತು. ಅದು ಬುದ್ಧಿ ಬೆಳೆಯದ ಮಕ್ಕಳ ಜಾಗ, ನಮ್ಮಂಥವರಿಗಲ್ಲ ಎಂದು ಒಳಗೆ ಇಣುಕಿಯೂ ನೋಡಿರಲಿಲ್ಲ. ಬೋರ್ಡಿನ ಅಕ್ಷರ ಓರೆಯಾಗಿದೆ ಎಂದು ಮಾತ್ರ ಪ್ರತಿ ಸಲ ಅಂದುಕೊಳ್ಳುತ್ತಿದ್ದೆ.

ಫರೀದಾ ಮೇಡಂ ಸಣ್ಣ ದೇಹದ, ನೇರ ಮಾತಿನ ಹೆಂಗಸು. ಇಂಥ ಮಕ್ಕಳಿಗಾಗಿ ಇಡೀ ತಾಲ್ಲೂಕು ಓಡಾಡುವವರು. ಪಲ್ಲವಿಯ ಹತ್ತಿರ ಒಂದು ಗಂಟೆ ಮಾತಾಡಿ, ಓದಿಸಿ, ಬರೆಸಿ, ಆಮೇಲೆ ನನ್ನ ಕಡೆ ತಿರುಗಿದರು.

"ನೀವು ಪಕ್ಕದ ಹೈಸ್ಕೂಲಲ್ಲಿ ಕನ್ನಡ ತಗೋತೀರಲ್ವಾ?"

"ಹೌದು."

"ನಾನಿಲ್ಲಿಗೆ ಬಂದು ಒಂಬತ್ತು ವರ್ಷ ಆಯ್ತು. ಪ್ರತಿ ವರ್ಷ ನಿಮ್ಮ ಸ್ಕೂಲಿಗೆ ಕಾಗದ ಕಳಿಸ್ತೀನಿ. ಓದೋಕೆ, ಬರೆಯೋಕೆ ಕಷ್ಟ ಪಡೋ ಮಕ್ಕಳಿದ್ರೆ ಕಳಿಸಿ ಅಂತ. 'ಯಾರೂ ಇಲ್ಲ' ಅಂತ ಉತ್ತರ ಬರುತ್ತೆ. ಅದೂ ಎಷ್ಟು ಚೆನ್ನಾಗಿರೋ ಅಕ್ಷರದಲ್ಲಿ."

ಆ ಉತ್ತರ ಬರೆಯುತ್ತಿದ್ದವಳು ನಾನೇ. ಅಕ್ಷರ ಚೆನ್ನಾಗಿದೆ ಎಂದು ಹೆಡ್‌ಮೇಷ್ಟ್ರು ಶಾಲೆಯ ಪತ್ರಗಳನ್ನೆಲ್ಲ ನನ್ನ ಕೈಯಲ್ಲೇ ಬರೆಸುತ್ತಿದ್ದರು. ನಾನು ಕಾಗದ ಓದದೆ, 'ಯಾರೂ ಇಲ್ಲ' ಎಂದು ಬರೆದು, ಕೆಳಗೆ ಗೆರೆ ಎಳೆಯುತ್ತಿದ್ದೆ. ಮೇಡಂಗೆ ಅದನ್ನು ಹೇಳುವ ಧೈರ್ಯ ಬರಲಿಲ್ಲ. ಅವರಿಗೆ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಅಲ್ಲಿಂದ ಕೆಲಸ ಶುರುವಾಯಿತು. ಮೇಡಂ ಹೇಳಿದ ಹಾಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮನಃಶಾಸ್ತ್ರದ ಡಾಕ್ಟರು ಎರಡು ದಿನ ಕೂರಿಸಿ ಪರೀಕ್ಷೆ ಮಾಡಿದರು. ಕಲಿಕಾ ನ್ಯೂನತೆ ಎಂದು ಸರ್ಟಿಫಿಕೇಟ್ ಬಂತು. ಅದಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಸಿಗುತ್ತದೆ, ಹೇಳಿದ್ದನ್ನು ಬರೆಯುವವರೊಬ್ಬರು ಸಿಗುತ್ತಾರೆ. ವಾರಕ್ಕೆ ಎರಡು ಸಂಜೆ ಗುಬ್ಬಿಯ ಆ ಕೋಣೆಯಲ್ಲಿ ಪಾಠ. ಮೊರದಲ್ಲಿ ರಾಗಿ ಹರಡಿ, ಅಕ್ಷರದ ಸದ್ದನ್ನು ಬಾಯಲ್ಲಿ ಹೇಳುತ್ತ ಬೆರಳಲ್ಲಿ ಬರೆಯುವುದು. ರಟ್ಟಿನಲ್ಲಿ ಕಿಟಕಿ ಕತ್ತರಿಸಿ, ಒಂದು ಸಲಕ್ಕೆ ಒಂದೇ ಸಾಲು ಕಾಣುವ ಹಾಗೆ ಪುಟದ ಮೇಲಿಟ್ಟು ಓದುವುದು. ನಮ್ಮಜ್ಜಂದಿರು ಮರಳಿನಲ್ಲಿ ತಿದ್ದುತ್ತಿದ್ದದ್ದೇ ಅಲ್ಲವೇ ಇದು, ಇದಕ್ಕೆ ಇಷ್ಟು ಊರು ಸುತ್ತಿದೆನೇ ಎಂದು ನಾಚಿಕೆಯಾಯಿತು.

ಪಾಠಗಳನ್ನು ಫೋನಿನಲ್ಲಿ ಓದಿ ರೆಕಾರ್ಡ್ ಮಾಡಿಕೊಡಿ, ಅವಳು ಕೇಳಿ ಕಲಿಯುತ್ತಾಳೆ ಎಂದೂ ಮೇಡಂ ಹೇಳಿದ್ದರು. ಒಂದು ಭಾನುವಾರ ಪೂರ್ತಿ ಕೂತು ನಾಲ್ಕು ಪಾಠ ಓದಿ ಕೊಟ್ಟೆ. ಪಲ್ಲವಿ ಎರಡು ದಿನ ಕೇಳಿ ಫೋನ್ ವಾಪಸು ಕೊಟ್ಟಳು.

"ಅಮ್ಮ, ಬೇರೆ ಯಾರ ಹತ್ರನಾದ್ರೂ ಓದಿಸು."

"ಯಾಕೆ? ಉಚ್ಚಾರ ಸರಿಯಿಲ್ವಾ?"

"ಉಚ್ಚಾರ ಸರಿಯಾಗಿದೆ. ಪಾಠ ಓದಿದ್ರೂ ಬೈದಂಗೇ ಕೇಳ್ಸುತ್ತೆ."

ನಾನು ಬಾಗಿಲು ಹಾಕಿಕೊಂಡು ನನ್ನ ದನಿ ನಾನೇ ಕೇಳಿದೆ. ಹೂವಿನ ಪದ್ಯವನ್ನೂ ಅಪರಾಧಿಗೆ ಶಿಕ್ಷೆ ಓದಿದ ಹಾಗೆ ಓದಿದ್ದೆ. ಆ ನಾಲ್ಕು ಪಾಠವನ್ನು ಮೂರು ಸಲ ಓದಬೇಕಾಯಿತು. ಮೂರನೆಯದನ್ನು ಅವಳು ಇಟ್ಟುಕೊಂಡಳು. ಇಪ್ಪತ್ತೆರಡು ವರ್ಷ ಆ ದನಿಯಲ್ಲಿ ಪಾಠ ಕೇಳಿದ ಮಕ್ಕಳು ಯಾವುದನ್ನು ವಾಪಸು ಕೊಡಬೇಕಿತ್ತು?

ಅಣ್ಣ ಕುಣಿಗಲ್‌ನಿಂದ ಬಂದು ಅವಳನ್ನು ಗುಬ್ಬಿಗೆ ಕರೆದೊಯ್ಯುತ್ತಿದ್ದ. ಮೊದಲೆರಡು ವಾರ ಓಮ್ನಿಯಲ್ಲೇ ಕೂತಿರುತ್ತಿದ್ದನಂತೆ. ಮೂರನೇ ವಾರ ಮೇಡಂ ಹೊರಗೆ ಬಂದು, "ನಂಜಣ್ಣ, ನಮ್ಮ ಮೋಟರ್ ಸರಿ ಮಾಡೋಕೆ ನೀವು ಹೊರಗಡೆ ಕೂತ್ಕೊಂಡಿದ್ರಾ? ಒಳಗೆ ಬನ್ನಿ" ಎಂದರಂತೆ. ಐವತ್ತು ದಾಟಿದವನ ವಾರ್ನಿಷ್ ಮೆತ್ತಿದ ಬೆರಳು ರಾಗಿಯ ಮೇಲೆ ಆಡುವುದನ್ನು ಪಲ್ಲವಿ ನನಗೆ ಹೇಳಿದಳೇ ಹೊರತು, ಅವನು ಹೇಳಲಿಲ್ಲ. ಕೇಳುವ ಯೋಗ್ಯತೆ ನನಗೂ ಇರಲಿಲ್ಲ.

ಅವರೆಕಾಯಿಯ ಕಾಲ ಬಂತು. ಬಸ್ಸಿನ ತುಂಬ ಸೊಗಡಿನ ವಾಸನೆ. ಅರ್ಧವಾರ್ಷಿಕದಲ್ಲಿ ಪಲ್ಲವಿ ಎರಡು ಸಬ್ಜೆಕ್ಟ್ ಬಿಟ್ಟು ಉಳಿದದ್ದರಲ್ಲಿ ಪಾಸಾಗಿದ್ದಳು, ಅದೂ ಯಾವ ಸಹಾಯವೂ ಇಲ್ಲದೆ. ಪರೀಕ್ಷೆಯ ಅರ್ಜಿಯ ಜೊತೆ ಸರ್ಟಿಫಿಕೇಟ್ ಕಳಿಸಿ ಎಂದು ಪ್ರಿನ್ಸಿಪಾಲರ ಮುಂದಿಟ್ಟೆ. ಅವರು ಅದನ್ನು ಬೆರಳ ತುದಿಯಲ್ಲಿ ತಳ್ಳಿದರು.

"ಇದೆಲ್ಲಾ ಇತ್ತೀಚಿನ ಫ್ಯಾಶನ್ನು ಮೇಡಂ. ಇವಳನ್ನ ಕೂರಿಸಿದ್ರೆ ನಾಳೆ ಇನ್ನೂ ನಾಲ್ಕು ಜನ ಬರ್ತಾರೆ. ನಾನು ಮೊದಲೇ ಹೇಳಿದೀನಿ, ಟೀಸಿ ತಗೊಳ್ಳಿ."

ನನಗೆ ಕೂಗಾಡುವ ಆಸೆ ಬಹಳ ಇತ್ತು. ಆದರೆ ಫರೀದಾ ಮೇಡಂ ಒಂದೇ ಒಂದು ವಾಕ್ಯ ಹೇಳಿಕೊಟ್ಟಿದ್ದರು, ಅದನ್ನೇ ಹೇಳಿದೆ. "ಆಯ್ತು ಸರ್. ಸರ್ಟಿಫಿಕೇಟ್ ನೋಡಿದೀನಿ, ಆದ್ರೂ ಅರ್ಜಿ ಕಳಿಸಲ್ಲ ಅಂತ ನಿಮ್ಮ ಲೆಟರ್‌ಹೆಡ್‌ನಲ್ಲಿ ಬರೆದು ಕೊಡಿ."

ಗೋಡೆಯ ಮೇಲೆ ಅಷ್ಟೊಂದು ರ್‍ಯಾಂಕ್ ನೇತುಹಾಕಿಕೊಂಡ ಮನುಷ್ಯನಿಗೆ ಒಂದು ಸಾಲು ಬರೆಯಲು ಬರಲಿಲ್ಲ. ಪೆನ್ನು ತೆಗೆದರು, ಕ್ಯಾಪ್ ಹಾಕಿದರು, ನೀರು ಕುಡಿದರು. ನಮ್ಮ ಪಲ್ಲವಿ ಐದನೇ ಕ್ಲಾಸಿನಿಂದ ಮಾಡುತ್ತಿದ್ದದ್ದು ಅದನ್ನೇ. ಅವಳಿಗೆ ಬೈದಿದ್ದೆ, ಇವರಿಗೆ ಬೈಯಲಿಲ್ಲ, ಸುಮ್ಮನೆ ನೋಡುತ್ತ ಕೂತೆ. ಮಧ್ಯಾಹ್ನದ ಹೊತ್ತಿಗೆ ಅರ್ಜಿ ಹೋಯಿತು.

ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಪರೀಕ್ಷೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಪಕ್ಕದಲ್ಲಿ ಕೂತು ಪಲ್ಲವಿ ಹೇಳಿದ್ದನ್ನು ಬರೆದಳು. ಪಲ್ಲವಿ ಪಾಸಾದಳು. ಭಾರಿ ಮಾರ್ಕ್ಸ್ ಏನೂ ಅಲ್ಲ, ಪ್ರಿನ್ಸಿಪಾಲರ ಗೋಡೆಗೆ ಏರುವಂಥದ್ದಲ್ಲ. ಅವರ ನೂರಕ್ಕೆ ನೂರು ಉಳಿಯಿತು. ಆಮೇಲೆ ಸ್ಕೂಲಿನ ಜಾಹೀರಾತಿನಲ್ಲಿ 'ವಿಶೇಷ ಮಕ್ಕಳಿಗೆ ವಿಶೇಷ ಗಮನ' ಎಂದು ಹಾಕಿಸಿಕೊಂಡಿದ್ದನ್ನು ಓದಿ, ಆ ಪೇಪರಿನಲ್ಲಿ ನಾನು ಒಲೆ ಕಟ್ಟೆ ಒರೆಸಿದೆ. ಪಲ್ಲವಿ ಈಗ ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಿದ್ದಾಳೆ, ರಜೆಯಲ್ಲಿ ಮಾವನ ಅಂಗಡಿಯಲ್ಲಿ ಕಾಯಿಲ್ ಸುತ್ತುತ್ತಾಳೆ. ಸಂಪಿನ ಮೋಟರ್ ಸುಡುವ ಹೊತ್ತಿಗೆ ಸರಿಯಾಗಿ ಅವಳಿಗೆ ಪರೀಕ್ಷೆ. ಅಣ್ಣ ಬೆಳಗ್ಗೆ ಫೋನ್ ಮಾಡಿ ಪೇಪರಿನ ಹೆಡ್ಡಿಂಗುಗಳನ್ನು ನನಗೆ ಓದಿ ಹೇಳುತ್ತಾನೆ, ನಿಧಾನಕ್ಕೆ, ತಡೆದು ತಡೆದು. ನಾನು ಓದಿ ಮುಗಿಸಿದ ಸುದ್ದಿಯೇ ಆಗಿರುತ್ತದೆ. ಹಿಂದಿನಿಂದ ಪಟಪಟ ಹೇಳಿ ಮುಗಿಸದೆ, ಹೂಂಗುಟ್ಟುತ್ತ ಕೇಳುತ್ತೇನೆ. ಶಾಲೆಯಲ್ಲಿ ಕೋಳಿ ಬರೆಯುವುದನ್ನು ಬಿಟ್ಟಿದ್ದೇನೆ. ಎರಡು ವರ್ಷದಲ್ಲಿ ಐದು ಮಕ್ಕಳನ್ನು ಇನ್ನೂರು ಹೆಜ್ಜೆ ಆಚೆಯ ಕೋಣೆ ಮುಟ್ಟಿಸಿದ್ದೇನೆ. ಇಷ್ಟಾದ ಮೇಲೆ ಎಲ್ಲ ಸರಿಹೋಯಿತು ಎಂದುಕೊಂಡಿದ್ದೆ.

"ಮಿಸ್, ಗುರ್ತು ಸಿಗ್ಲಿಲ್ವಾ?"

ಅಂಗಡಿಯವನು ಮೋಟರ್ ಬಿಚ್ಚಿಟ್ಟು, ಕೈ ಒರೆಸಿಕೊಳ್ಳುತ್ತ ನನ್ನ ಮುಂದೆ ನಿಂತಿದ್ದ. ನಾನು ದಿಟ್ಟಿಸಿ ನೋಡಿದೆ.

"ಮಂಜುನಾಥ ಮಿಸ್. ಗುಬ್ಬಿ ಸ್ಕೂಲು. ಲಾಸ್ಟ್ ಬೆಂಚು." ನಕ್ಕ. "ಕಾಯಿಲ್ ಪೂರ್ತಿ ಹೋಗೈತೆ ಮಿಸ್. ನಾಳೆ ಸಂಜೆಗೆ ಕಟ್ಟಿ ಕೊಡ್ತೀನಿ. ಬೇರೆಯವರ ಮೋಟ್ರು ಜೊತೆ ಸೇರಿಹೋಗ್ಬಾರ್ದಲ್ಲ..." ಎನ್ನುತ್ತ ದಾರ ಪೋಣಿಸಿದ ಒಂದು ರಟ್ಟಿನ ಚೀಟಿ ಮತ್ತು ಪೆನ್ನನ್ನು ನನ್ನ ಕಡೆ ಚಾಚಿದ. "ನಿಮ್ಮ ಹೆಸರು, ಅಡ್ರೆಸ್ಸು ನೀವೇ ಬರ್ದುಬಿಡಿ ಮಿಸ್. ಕನ್ನಡಕ ಮರ್ತು ಬಂದಿದೀನಿ."

ಮೂವತ್ತು ವರ್ಷದವನು. ಕೂದಲಿಗಿಂತ ಸಣ್ಣ ತಂತಿಯನ್ನು ಬರಿಗಣ್ಣಿನಲ್ಲಿ ಸುತ್ತುವವನು.

ನಾನು ಬರೆದೆ. ಎಷ್ಟು ಕೆಟ್ಟದಾಗಿ ಬರೆಯಬೇಕೆಂದುಕೊಂಡರೂ ಕೈ ಕೇಳಲಿಲ್ಲ, ದುಂಡಗೆ ಬಂತು. ಅವನು ಚೀಟಿಯನ್ನು ದೂರ ಹಿಡಿದು, ಓದಿದವನ ಹಾಗೆ ತಲೆಯಾಡಿಸಿ, "ಹಂಗೇ ಐತೆ ಮಿಸ್ ನಿಮ್ಮ ಅಕ್ಷರ, ಮುತ್ತು ಪೋಣಿಸ್ದಂಗೆ" ಎಂದು ಮೋಟರಿಗೆ ಕಟ್ಟಿದ. ಅವನ ಹಾಳೆಗೆ ಎಷ್ಟು ಕೋಳಿ ಬರೆದಿದ್ದೆನೋ ನನಗೆ ನೆನಪಿಲ್ಲ. ಅವನಿಗೆ ಇರುತ್ತದೆ.

ಫರೀದಾ ಮೇಡಂ ವಿಷಯ ಆಗಲೇ ಹೇಳಿಬಿಡೋಣ ಎಂದು ಬಾಯಿ ತೆರೆದೆ. ನನ್ನ ದನಿ ನನಗೆ ಗೊತ್ತಲ್ಲ, ಮುಚ್ಚಿದೆ. ಇದನ್ನು ಹೇಳಲು ಅಣ್ಣನೇ ಬೇಕು. ಅದೇ ವಾಸನೆಯ ಅಂಗಿಯವನು, ಅದೇ ಕನ್ನಡಕವನ್ನು ನಲವತ್ತು ವರ್ಷ ಮರೆತವನು.

"ನಾಳೆ ನಾನೊಬ್ಳೇ ಬರಲ್ಲ ಮಂಜುನಾಥ. ಒಬ್ಬರನ್ನ ಕರ್ಕೊಂಡ್ ಬರ್ತೀನಿ, ನಿನ್ನ ಹತ್ರ ಮಾತಾಡ್ಬೇಕು" ಎಂದೆ.

ಅವನ ನಗೆ ಮಾಯವಾಯಿತು. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು, ಎರಡೂ ಕೈ ಹಿಂದಕ್ಕೆ ಕಟ್ಟಿ, ಕ್ಲಾಸಿನಲ್ಲಿ ನಿಲ್ಲುತ್ತಿದ್ದ ಹಾಗೆ ನಿಂತ.

"ಯಾಕ್ ಮಿಸ್? ನಾನೇನ್ ತಪ್ಪು ಮಾಡ್ದೆ?"

"ನೀನಲ್ಲಪ್ಪ" ಎಂದೆ.